ತೇಲುವ ಮನೆಯ ಲೆಕ್ಕ

ಇಂಗ್ಲೆಂಡಿನ ಒಳನಾಡಿನಲ್ಲಿ ಡಾರ್ಬಿ ಎಂಬ ಊರಿದೆ. ಅಲ್ಲಿಂದ ಸಮುದ್ರ ಕಣ್ಣಿಗೆ ಕಾಣುವುದಿಲ್ಲ. 1960ರ ದಶಕದಲ್ಲಿ ಆ ಊರಿನಲ್ಲಿ ವಾಸವಾಗಿದ್ದ ಮಾರಿಸ್ ಬೇಯ್ಲಿ ಮತ್ತು ಮ್ಯಾರಲಿನ್ ಬೇಯ್ಲಿ ಎಂಬ ದಂಪತಿಗಳು ನೆರೆಹೊರೆಯವರು ಬೆರಗಾಗುವಂತಹ ಒಂದು ನಿರ್ಧಾರಕ್ಕೆ ಬಂದರು. ಇದ್ದ ಮನೆಯನ್ನು ಮಾರುವುದು. ಬಂದ ಹಣದಿಂದ ಒಂದು ಹಾಯಿದೋಣಿಯನ್ನು ಮಾಡಿಸಿಕೊಳ್ಳುವುದು. ಅದರಲ್ಲಿಯೇ ಸಂಸಾರ ಹೂಡಿ, ಗಾಳಿಯನ್ನು ನಂಬಿ, ನ್ಯೂಜಿಲೆಂಡಿನವರೆಗೆ ಹೋಗುವುದು. ಈ ಆಲೋಚನೆ ಮೊದಲು ಹೊಳೆದುದು ಪತ್ನಿಗೆ. ಆಕೆಗೆ ಈಜು ಬರುತ್ತಿರಲಿಲ್ಲ!

ದೋಣಿ ಸಿದ್ಧವಾಯಿತು. ಅದರ ಉದ್ದ ಸುಮಾರು ಒಂಬತ್ತೂವರೆ ಮೀಟರ್. ಇಬ್ಬರ ಹೆಸರುಗಳನ್ನೂ ಬೆಸೆದು ಅದಕ್ಕೆ ‘ಆರಲಿನ್’ ಎಂದು ಹೆಸರಿಟ್ಟರು. 1972ರ ಜೂನ್ ತಿಂಗಳಲ್ಲಿ ಅವರು ಇಂಗ್ಲೆಂಡಿನ ದಕ್ಷಿಣ ತೀರವನ್ನು ಬಿಟ್ಟು ಹೊರಟರು.

ಇಂತಹ ಬಾಳನ್ನು ನೆನೆದಾಗ ನಮ್ಮ ಮನಸ್ಸಿನಲ್ಲಿ ಮೂಡುವುದು ಸ್ವಾತಂತ್ರ್ಯದ ಚಿತ್ರ. ಬಾಡಿಗೆಯಿಲ್ಲ, ಗಡಿಯಾರದ ಕಾಟವಿಲ್ಲ. ಆದರೆ ನೆಲದ ಮೇಲಿನ ಮನೆಯಲ್ಲಿ ನಾವು ಎಷ್ಟು ವಿಷಯಗಳನ್ನು ಲೆಕ್ಕವಿಡದೆಯೇ ಬದುಕುತ್ತೇವೆ ಎಂಬುದನ್ನು ಗಮನಿಸಿದ್ದೇವೆಯೆ? ನಲ್ಲಿಯಲ್ಲಿ ನೀರು ಬರುವುದು, ಮನೆ ಮಗುಚಿಕೊಳ್ಳುವುದಿಲ್ಲ, ನಾವು ಎಲ್ಲಿರುವೆವೆಂಬುದು ಅಂಚೆಯವನಿಗೂ ಗೊತ್ತು. ಕಡಲಿಗೆ ಇಳಿದ ಕ್ಷಣದಿಂದ ಇವುಗಳಲ್ಲಿ ಪ್ರತಿಯೊಂದೂ ಮನೆಯವರೇ ಬಿಡಿಸಬೇಕಾದ ಒಂದು ಲೆಕ್ಕವಾಗುತ್ತದೆ. ಆ ಲೆಕ್ಕಗಳಲ್ಲಿ ಬಹುಪಾಲು ನಮ್ಮ ಪ್ರೌಢಶಾಲೆಯ ಭೌತವಿಜ್ಞಾನದಲ್ಲಿಯೇ ಅಡಗಿವೆ. ಒಂದೊಂದಾಗಿ ಪರಿಶೀಲಿಸೋಣ.

ಮಗುಚದ ಮನೆ

ಎತ್ತರವಾದ ಕೂವೆಮರ, ಅದಕ್ಕೆ ಕಟ್ಟಿದ ವಿಶಾಲವಾದ ಹಾಯಿ, ಬದಿಯಿಂದ ಬೀಸುವ ಗಾಳಿ. ಇಷ್ಟಿದ್ದರೆ ದೋಣಿ ಪಕ್ಕಕ್ಕೆ ಉರುಳಬೇಕಲ್ಲವೆ? ಅದು ಉರುಳದಿರುವುದಕ್ಕೆ ಕಾರಣ ನೀರಿನೊಳಗಿದೆ. ದೋಣಿಯ ತಳದಿಂದ ಕೆಳಕ್ಕೆ ಇಳಿದಿರುವ ಒಂದು ಭಾರವಾದ ಭಾಗವುಂಟು. ನಾವಿಕರು ಅದನ್ನು ಕೀಲ್ ಎಂದು ಕರೆಯುತ್ತಾರೆ. ಅದರಲ್ಲಿ ಸೀಸ ಅಥವಾ ಕಬ್ಬಿಣವನ್ನು ತುಂಬಿರುತ್ತಾರೆ. ಸಾಗರಯಾನದ ದೋಣಿಗಳಲ್ಲಿ ಒಟ್ಟು ತೂಕದ ಮೂರನೆಯ ಒಂದು ಭಾಗದಷ್ಟು ಈ ಲೋಹವೇ ಇರುವುದುಂಟು. ಇದರಿಂದ ದೋಣಿಯ ಗುರುತ್ವಕೇಂದ್ರ ಕೆಳಕ್ಕೆ ಇಳಿಯುತ್ತದೆ. ಗಾಳಿ ದೋಣಿಯನ್ನು ಓರೆಮಾಡಿದಾಗ, ನೀರು ಮೇಲಕ್ಕೆ ಒತ್ತುವ ಬಲ ಒಂದು ಬದಿಗೂ ತೂಕ ಕೆಳಕ್ಕೆ ಎಳೆಯುವ ಬಲ ಇನ್ನೊಂದು ಬದಿಗೂ ಸರಿದು, ಅವೆರಡೂ ಸೇರಿ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತವೆ. ಬುಡದಲ್ಲಿ ಭಾರವಿರುವ ಬೊಂಬೆಯನ್ನು ಮಕ್ಕಳು ಎಷ್ಟು ಬಾರಿ ಕೆಡವಿದರೂ ಅದು ಎದ್ದು ಕುಳಿತುಕೊಳ್ಳುವುದಷ್ಟೆ. ಇಲ್ಲಿರುವುದೂ ಅದೇ ತತ್ತ್ವ.

ಗಾಳಿಗೆ ಎದುರಾಗಿ

ಹಿಂದಿನಿಂದ ಬೀಸುವ ಗಾಳಿ ದೋಣಿಯನ್ನು ಮುಂದೆ ನೂಕುವುದು ಸಹಜ. ಆದರೆ ಗಾಳಿ ಬರುವ ದಿಕ್ಕಿಗೇ ಹೋಗಬೇಕಾದರೆ? ನೇರವಾಗಿ ಹೋಗಲು ಯಾವ ಹಾಯಿದೋಣಿಗೂ ಸಾಧ್ಯವಿಲ್ಲ. ಆದರೆ ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಹುದು. ಹಾಯಿಯು ತನ್ನ ಬಾಗಿನಿಂದ ಗಾಳಿಯ ಪ್ರವಾಹವನ್ನು ತಿರುಗಿಸುತ್ತದೆ. ತಿರುಗಿದ ಗಾಳಿ, ನ್ಯೂಟನ್ನನ ಮೂರನೆಯ ನಿಯಮದಂತೆ, ಹಾಯಿಯನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಈ ಬಲದ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೂ ಸ್ವಲ್ಪ ಪಾಲು ಮುಂದಕ್ಕೂ ಒತ್ತುವುದು. ಪಕ್ಕಕ್ಕೆ ಸರಿಯುವುದನ್ನು ಕೀಲ್ ತಡೆಯುತ್ತದೆ. ಉಳಿದ ಹಾದಿ ಮುಂದಿನದೊಂದೇ. ಒದ್ದೆಯಾದ ಹುಣಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಚಿಮ್ಮಿಹೋಗುವಂತೆ, ಗಾಳಿ ಮತ್ತು ನೀರುಗಳ ನಡುವೆ ಸಿಕ್ಕ ದೋಣಿ ಮುಂದಕ್ಕೆ ಜಾರುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಸಾಗಿದರೆ ಗಾಳಿಯ ತವರಿಗೂ ತಲಪಬಹುದು. ನೇರವಾಗಿ 100 ಕಿಲೋಮೀಟರ್ ಇರುವ ಹಾದಿ ಆಗ 141 ಕಿಲೋಮೀಟರ್ ಆಗುವುದು. ಇದು ಪೈಥಾಗೊರಸನಿಗೆ ತೆರಬೇಕಾದ ಸುಂಕ.

ಇದು ಕೇವಲ ಕಾಗದದ ಮೇಲಿನ ಮಾತಲ್ಲ. ಲಿನ್ ಮತ್ತು ಲ್ಯಾರಿ ಪಾರ್ಡಿ ಎಂಬ ದಂಪತಿಗಳು 1968ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನೀರಿಗಿಳಿಸಿದ ‘ಸೆರಫಿನ್’ ಎಂಬ ದೋಣಿಗೆ ಎಂಜಿನ್ನೇ ಇರಲಿಲ್ಲ. ಎಂಟು ಮೀಟರಿಗಿಂತ ಚಿಕ್ಕದಾದ ಆ ಮನೆಯಲ್ಲಿದ್ದುಕೊಂಡೇ ಅವರು ಭೂಮಿಯನ್ನು ಸುತ್ತಿಬಂದರು.

ವೇಗದ ಬೇಲಿ

ಗಾಳಿ ಎಷ್ಟೇ ಬಲವಾಗಿದ್ದರೂ ಇಂತಹ ದೋಣಿಯ ವೇಗ ಒಂದು ಮಿತಿಯನ್ನು ಸುಲಭವಾಗಿ ದಾಟುವುದಿಲ್ಲ. ದೋಣಿ ಚಲಿಸುವಾಗ ತಾನೇ ಅಲೆಗಳನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಗಳು ಉದ್ದವಾಗುತ್ತವೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತಾನೇ ತೋಡಿಕೊಂಡ ಹಳ್ಳದಲ್ಲಿ ಕುಳಿತಂತಾಗುತ್ತದೆ. ಮುಂದೆ ಹೋಗಬೇಕಾದರೆ ದಿಣ್ಣೆಯನ್ನು ಏರಬೇಕು. ಆಳವಾದ ನೀರಿನಲ್ಲಿ ಎಂಟು ಮೀಟರ್ ಉದ್ದದ ಅಲೆಯ ವೇಗ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್, ಅಂದರೆ ಗಂಟೆಗೆ 12.7 ಕಿಲೋಮೀಟರ್. ನೀರಿನ ಮಟ್ಟದಲ್ಲಿ ಎಂಟು ಮೀಟರ್ ಉದ್ದವಿರುವ ದೋಣಿಯ ಗರಿಷ್ಠ ವೇಗವೂ ಹೆಚ್ಚುಕಡಿಮೆ ಅಷ್ಟೆ. ಸರಾಸರಿ ವೇಗ ಗಂಟೆಗೆ ಒಂಬತ್ತು ಕಿಲೋಮೀಟರಿಗೆ ತುಸು ಮೇಲೆ ಎಂದರೆ ಬಹಳವಾಯಿತು. ಹಗಲಿರುಳು ಸಾಗಿದರೆ ದಿನಕ್ಕೆ 220 ಕಿಲೋಮೀಟರ್. ಕ್ಯಾನರಿ ದ್ವೀಪಗಳಿಂದ ವೆಸ್ಟ್ ಇಂಡೀಸಿಗೆ ಇರುವ ದೂರ ಸುಮಾರು 5000 ಕಿಲೋಮೀಟರ್. ವಾಣಿಜ್ಯ ಮಾರುತಗಳ ನೆರವಿನಿಂದ ಹೋದರೂ ಇಪ್ಪತ್ತಮೂರು ದಿನಗಳ ಪಯಣ. ನಡುವೆ ಅಂಗಡಿಯಿಲ್ಲ, ಬಾವಿಯಿಲ್ಲ.

ನೀರಿನ ನಡುವೆ ನೀರಡಿಕೆ

ಬಾವಿಯಿಲ್ಲ ಎಂದೊಡನೆ ಮುಂದಿನ ಲೆಕ್ಕ ಎದುರಾಗುತ್ತದೆ. ಕುಡಿಯುವುದಕ್ಕೂ ಅಡಿಗೆಗೂ ಒಬ್ಬೊಬ್ಬರಿಗೆ ದಿನಕ್ಕೆ ಮೂರು ಲೀಟರಿನಂತೆ ಇಬ್ಬರಿಗೆ ಆರು ಲೀಟರ್. ಇಪ್ಪತ್ತೈದು ದಿನಗಳಿಗೆ 150 ಲೀಟರ್. ಗಾಳಿ ಬೀಳಬಹುದು, ಕೂವೆಮರ ಮುರಿಯಬಹುದು. ಆದುದರಿಂದ ವಿವೇಕಿಗಳು ಇದನ್ನು ಇಮ್ಮಡಿ ಮಾಡುತ್ತಾರೆ. ಅಲ್ಲಿಗೆ 300 ಕಿಲೋಗ್ರಾಂ ತೂಕ ನೀರಿಗೇ ಮೀಸಲು.

ಕಡಲನೀರನ್ನೇ ಏಕೆ ಕುಡಿಯಬಾರದು? ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನಮ್ಮ ಮೂತ್ರಪಿಂಡಗಳು ಒಂದು ಲೀಟರ್ ಮೂತ್ರದಲ್ಲಿ ಹೊರಹಾಕಬಲ್ಲ ಲವಣ ಸುಮಾರು 20 ಗ್ರಾಂ ಮಾತ್ರ. ಒಂದು ಲೀಟರ್ ಕಡಲನೀರು ಕುಡಿದವನು ಅದರ ಉಪ್ಪನ್ನು ಕಳೆಯಲು ಒಂದೂಮುಕ್ಕಾಲು ಲೀಟರ್ ನೀರನ್ನು ತೆರಬೇಕಾಗುವುದು. ಕೊರತೆಯ ಮುಕ್ಕಾಲು ಲೀಟರ್ ದೇಹದಿಂದಲೇ ಹೋಗಬೇಕು. ಕುಡಿದಷ್ಟೂ ನೀರಡಿಕೆ ಹೆಚ್ಚುವ ವ್ಯಾಪಾರವಿದು. ಇಂದಿನ ದೋಣಿಗಳಲ್ಲಿ ಕಡಲನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಸಿಹಿನೀರು ಪಡೆಯುವ ಯಂತ್ರಗಳಿವೆ. ಕಡಲನೀರಿನ ಪರಾಸರಣ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 27ರಷ್ಟಿರುವುದರಿಂದ, ಅದನ್ನು ಮೀರಿ ಒತ್ತಲು ಪಂಪು ಬೇಕು. ಪಂಪಿಗೆ ಶಕ್ತಿ ಬೇಕು. ಹೀಗೆ ಒಂದು ಲೆಕ್ಕ ಇನ್ನೊಂದು ಲೆಕ್ಕದ ಬಾಗಿಲನ್ನು ತಟ್ಟುತ್ತದೆ.

ನಾವು ಎಲ್ಲಿದ್ದೇವೆ?

ನೀರಿದೆ, ಗಾಳಿಯಿದೆ, ಆದರೆ ದಂಡೆ ಎಷ್ಟು ದೂರ? ಗಡಿಯಾರದ ಕಾಟದಿಂದ ಪಾರಾಗಲು ಹೊರಟವರಿಗೆ ಗಡಿಯಾರವೇ ದಾರಿ ತೋರಿಸಬೇಕಾಗಿದ್ದುದು ಒಂದು ವಿನೋದ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದುದರಿಂದ ಸೂರ್ಯನ ಅಥವಾ ನಕ್ಷತ್ರದ ಎತ್ತರವನ್ನು ಸೆಕ್ಸ್‌ಟಂಟ್ ಎಂಬ ಉಪಕರಣದಿಂದ ಅಳೆದು, ಆ ಕ್ಷಣದಲ್ಲಿ ಗ್ರೀನಿಚ್ಚಿನಲ್ಲಿ ಎಷ್ಟು ಸಮಯವೆಂದು ತಿಳಿದರೆ ರೇಖಾಂಶವನ್ನು ಗಣಿಸಬಹುದು. ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯಲ್ಲಿ ಸ್ಥಾನ ಸುಮಾರು 1855 ಮೀಟರ್ ತಪ್ಪುವುದು. ರಾತ್ರಿಯಲ್ಲಿ ಹವಳದ ದಿಬ್ಬಕ್ಕೆ ಬಡಿಯಲು ಅಷ್ಟು ಸಾಕು. ಈಗ ಉಪಗ್ರಹಗಳು ಈ ಕೆಲಸವನ್ನು ಮಾಡುತ್ತವೆ. ಆದರೆ ಅಲ್ಲಿಯೂ ಮೂಲ ಅಳತೆ ಕಾಲವೇ: ಕನಿಷ್ಠ ನಾಲ್ಕು ಉಪಗ್ರಹಗಳ ರೇಡಿಯೋ ಸಂಕೇತಗಳು ಬರಲು ಹಿಡಿದ ಹೊತ್ತನ್ನು ಅಳೆದು ಸ್ಥಾನವನ್ನು ಗೊತ್ತುಮಾಡುತ್ತಾರೆ.

ಲೆಕ್ಕಕ್ಕೆ ಸಿಗದ ಅತಿಥಿ

ಬೇಯ್ಲಿ ದಂಪತಿಗಳು ಈ ಲೆಕ್ಕಗಳಲ್ಲಿ ತಪ್ಪಲಿಲ್ಲ. ಅಟ್ಲಾಂಟಿಕ್ ಸಾಗರವನ್ನು ದಾಟಿದರು; ಪನಾಮಾ ಕಾಲುವೆಯನ್ನು ಹಾದು ಶಾಂತಸಾಗರವನ್ನು ಸೇರಿದರು; ಗಲಪಗೋಸ್ ದ್ವೀಪಗಳತ್ತ ಸಾಗಿದರು. 1973ರ ಮಾರ್ಚ್ 4ರಂದು ಬೆಳಿಗ್ಗೆ ಒಂದು ತಿಮಿಂಗಿಲ ಅವರ ದೋಣಿಗೆ ಬಡಿಯಿತು.

ತಿಮಿಂಗಿಲದ ತೂಕ 20 ಟನ್, ವೇಗ ಸೆಕೆಂಡಿಗೆ ಮೂರು ಮೀಟರ್ ಎಂದು ಇಟ್ಟುಕೊಂಡರೆ ಅದರ ಚಲನಶಕ್ತಿ 90,000 ಜೂಲ್. ಒಂದು ಟನ್ ತೂಕದ ಮೋಟಾರು ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಬಂದು ಗೋಡೆಗೆ ಗುದ್ದಿದಂತೆ. ಇನ್ನು ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಅಂಗೈಯಷ್ಟು ಅಗಲದ ರಂಧ್ರವಾದರೂ ಅದರೊಳಗೆ ನಿಮಿಷಕ್ಕೆ ಒಂದು ಟನ್ನಿಗಿಂತ ಹೆಚ್ಚು ನೀರು ನುಗ್ಗಬಲ್ಲುದು. ರಂಧ್ರವನ್ನು ಮುಚ್ಚಲು ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಒಂದು ಗಂಟೆಯೊಳಗೆ ‘ಆರಲಿನ್’ ಕಣ್ಮರೆಯಾಯಿತು. ಉಳಿದುದು ಗಾಳಿ ತುಂಬಿದ ಒಂದು ರಬ್ಬರ್ ತೆಪ್ಪ, ಅದಕ್ಕೆ ಕಟ್ಟಿದ ಒಂದು ಪುಟ್ಟ ರಬ್ಬರ್ ದೋಣಿ, ಕೈಗೆ ಸಿಕ್ಕಷ್ಟು ಆಹಾರ ಮತ್ತು ನೀರು.

ಆಹಾರ ತೀರಿದ ಮೇಲೆ ಮ್ಯಾರಲಿನ್ ಸೇಫ್ಟಿ ಪಿನ್ನುಗಳನ್ನು ಬಗ್ಗಿಸಿ ಗಾಳಗಳನ್ನು ಮಾಡಿದಳು. ಮೀನು, ಆಮೆ, ಕಡಲಹಕ್ಕಿಗಳನ್ನು ಹಸಿಯಾಗಿಯೇ ತಿಂದು, ಮಳೆನೀರನ್ನು ಹಿಡಿದು ಕುಡಿದು, ಅವರು ಜೀವ ಹಿಡಿದುಕೊಂಡರು. ಸಾಗರಪ್ರವಾಹಗಳು ಅವರನ್ನು ಸುಮಾರು 1500 ಮೈಲಿ ದೂರ ಒಯ್ದುವು. ಸರಾಸರಿ ಗಂಟೆಗೆ ಅರ್ಧ ಮೈಲಿ. ಇರುವೆಗಿಂತ ಬೇಗ, ಮನುಷ್ಯನ ನಡಿಗೆಗಿಂತ ಬಹು ನಿಧಾನ. ಈ ಅವಧಿಯಲ್ಲಿ ಏಳು ಹಡಗುಗಳು ಅವರ ಕಣ್ಣೆದುರು ಹಾದುಹೋದುವು. ಒಂದೂ ನಿಲ್ಲಲಿಲ್ಲ.

ಏಕೆ ಕಾಣಲಿಲ್ಲ?

ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಇದು: “ಹಡಗಿನವರು ಅಷ್ಟು ಕಠಿನಹೃದಯರೆ?” ಅಲ್ಲ. ಉತ್ತರ ಬೆಳಕಿನ ಶಾಸ್ತ್ರದಲ್ಲಿದೆ. ನೀರಿನಿಂದ 20 ಮೀಟರ್ ಎತ್ತರದಲ್ಲಿ ನಿಂತ ಕಾವಲುಗಾರನ ದಿಗಂತ 16 ಕಿಲೋಮೀಟರ್ ದೂರದಲ್ಲಿದೆ. ಆ ಲೆಕ್ಕದಂತೆ ತೆಪ್ಪ ಅವನ ದೃಷ್ಟಿಯೊಳಗೇ ಇರಬೇಕು. ಆದರೆ ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಕಲೆ, ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ. ಒಂದೂವರೆ ಮೀಟರ್ ಅಗಲದ ತೆಪ್ಪ ಐದು ಕಿಲೋಮೀಟರ್ ದೂರದಿಂದ ಕಣ್ಣಿನಲ್ಲಿ ಉಂಟುಮಾಡುವ ಕೋನ ಅಷ್ಟೇ. ಅದು ಕೇವಲ ಒಂದು ಚುಕ್ಕೆ. ಸುತ್ತಲೂ ನೊರೆಯ, ಬಿಸಿಲಹೊಳಪಿನ ಸಾವಿರಾರು ಚುಕ್ಕೆಗಳು. ಅಲೆಯ ಹಳ್ಳಕ್ಕೆ ಇಳಿದಾಗ ಆ ಚುಕ್ಕೆಯೂ ಮಾಯ. ತೆಪ್ಪದವರಿಗೋ ಎತ್ತರವಾದ ಹಡಗು ಆಕಾಶದ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುವುದು. ಕಂಡವರು ಕೂಗುತ್ತಿದ್ದರು, ಕಾಣದವರು ಹೋಗುತ್ತಿದ್ದರು.

‘ಆರಲಿನ್’ ದೋಣಿಯಲ್ಲಿ ರೇಡಿಯೋ ಪ್ರೇಷಕ ಇರಲಿಲ್ಲ. ಮರೆತುದಲ್ಲ, ಹೊರಗಿನ ಜಗತ್ತು ತಮ್ಮ ಸ್ವಾತಂತ್ರ್ಯಕ್ಕೆ ಅಡ್ಡಬರಬಾರದೆಂದು ಮಾರಿಸ್ ಬೇಕೆಂದೇ ಬಿಟ್ಟುಬಂದಿದ್ದ. ಎಲ್ಲರಿಂದ ಮರೆಯಾಗುವ ಆಸೆ ಈಡೇರಿತ್ತು. ಅದರ ಬೆಲೆ ಈಗ ತಿಳಿಯಿತು. 1973ರ ಜೂನ್ 30ರಂದು, ನಾಲ್ಕು ತಿಂಗಳಿಗೆ ನಾಲ್ಕು ದಿನ ಕಡಿಮೆಯಿರುವಾಗ, ದಕ್ಷಿಣ ಕೊರಿಯದ ಒಂದು ಮೀನುಗಾರಿಕೆಯ ಹಡಗಿನವರು ಅವರನ್ನು ಕಂಡು ಮೇಲೆತ್ತಿಕೊಂಡರು. ಇಬ್ಬರೂ ಎಲುಬಿನ ಗೂಡಾಗಿದ್ದರು. ಆದರೆ ಬದುಕಿದ್ದರು.

ಐದು ವಾಟಿನ ಕೂಗು

ಇಂದು ಸಾಗರಯಾನಕ್ಕೆ ಹೊರಡುವ ದೋಣಿಯಲ್ಲಿ ಒಂದು ಚಿಕ್ಕ ಸಂಕಟಸೂಚಕ ಯಂತ್ರವಿರುತ್ತದೆ. ಅದು 406 ಮೆಗಾಹರ್ಟ್ಸ್ ಆವರ್ತನದಲ್ಲಿ ಸುಮಾರು ಐದು ವಾಟ್ ಸಾಮರ್ಥ್ಯದ ಕಿರುಸಂಕೇತಗಳನ್ನು ಕಳುಹಿಸುತ್ತದೆ. ಮೇಲೆ ಹಾದುಹೋಗುವ ಉಪಗ್ರಹ ಅದನ್ನು ಕೇಳಿಸಿಕೊಳ್ಳುತ್ತದೆ. ಸೆಕೆಂಡಿಗೆ ಏಳು ಕಿಲೋಮೀಟರ್ ವೇಗದ ಉಪಗ್ರಹ ಹತ್ತಿರ ಬರುವಾಗ ಆವರ್ತನ ಹೆಚ್ಚಾಗಿಯೂ ದೂರ ಸರಿಯುವಾಗ ಕಡಿಮೆಯಾಗಿಯೂ ತೋರುವುದು. ನಿಲ್ದಾಣವನ್ನು ಹಾದುಹೋಗುವ ರೈಲಿನ ಸಿಳ್ಳಿನಲ್ಲಿ ನಾವು ಕೇಳುವ ಡಾಪ್ಲರ್ ಪರಿಣಾಮವೇ ಇದು. ಈ ವ್ಯತ್ಯಾಸದಿಂದಲೇ ಸಂಕಟದಲ್ಲಿರುವವರ ಸ್ಥಾನವನ್ನು ಗಣಿಸಬಹುದು. ಈಗಿನ ಅನೇಕ ಯಂತ್ರಗಳು ತಮ್ಮ ಸ್ಥಾನವನ್ನೂ ಸಂಕೇತದಲ್ಲಿಯೇ ಸೇರಿಸಿ ಕಳುಹಿಸುತ್ತವೆ. 1982ರಿಂದ ಜೀವಗಳನ್ನು ಉಳಿಸುತ್ತ ಬಂದಿರುವ ಈ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಭಾರತವೂ ಪಾಲುಗೊಂಡಿದೆ. ಅದರ ಭಾರತೀಯ ನಿಯಂತ್ರಣ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲಿ, ಇಸ್ರೋ ಸಂಸ್ಥೆಯ ಆಶ್ರಯದಲ್ಲಿ. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಊರೊಂದು ಕಡಲಿನ ಕೂಗಿಗೆ ಕಿವಿಗೊಟ್ಟು ಕುಳಿತಿರುವುದು ಸೋಜಿಗವಲ್ಲವೆ?

ಹಾಗಾದರೆ ಬೇಯ್ಲಿ ದಂಪತಿಗಳ ಕಥೆಯಿಂದ ನಾವು ಕಲಿಯಬೇಕಾದುದು ಮನೆ ಬಿಟ್ಟು ಹೊರಡಬಾರದೆಂಬ ಪಾಠವೆ? ಅವರೇ ಹಾಗೆ ತಿಳಿಯಲಿಲ್ಲ. ಹಸಿವು ಮತ್ತು ಹುಣ್ಣುಗಳಿಂದ ನರಳುತ್ತ ತೆಪ್ಪದಲ್ಲಿ ತೇಲುತ್ತಿದ್ದಾಗಲೇ ಅವರು ಮುಂದಿನ ದೋಣಿ ಹೇಗಿರಬೇಕು, ಅದರ ಉಗ್ರಾಣದಲ್ಲಿ ಏನೇನಿರಬೇಕು ಎಂದು ಕೂಡಿ ಯೋಚಿಸುತ್ತಿದ್ದರು. ಎಷ್ಟು ದಿನ ಬದುಕುವೆವೆಂಬುದೇ ಗೊತ್ತಿಲ್ಲದವರು ಎಷ್ಟು ಡಬ್ಬಿ ಆಹಾರ ಬೇಕೆಂದು ಲೆಕ್ಕಹಾಕುತ್ತಿದ್ದರು! ಆ ಲೆಕ್ಕವೇ ಅವರನ್ನು ನಾಳೆಗೆ ಕಟ್ಟಿಹಾಕಿದ ಹಗ್ಗವಾಯಿತು. ಎರಡನೆಯ ‘ಆರಲಿನ್’ ಸಿದ್ಧವಾಯಿತು. 1975ರಲ್ಲಿ ಅವರು ಅದರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಡೆಗೆ ಹೊರಟರು.

ಸಮುದ್ರಕ್ಕೆ ದಯೆಯೂ ಇಲ್ಲ, ದ್ವೇಷವೂ ಇಲ್ಲ. ಅದು ನಿಯಮಗಳಂತೆ ನಡೆಯುತ್ತದೆ. ಆ ನಿಯಮಗಳನ್ನು ಅರಿತು, ಅರಿವಿಗೆ ಮೀರಿದುದಕ್ಕೂ ಒಂದಷ್ಟು ಎಡೆಯನ್ನು ಬಿಟ್ಟು ಲೆಕ್ಕಹಾಕುವವರಿಗೆ ನೀರಿನ ಮೇಲೆಯೂ ಮನೆಯನ್ನು ಹೂಡಲು ಸಾಧ್ಯ.