‘ಸ’ ಕಳೆದುಕೊಂಡ ಮೌತ್ ಆರ್ಗನ್

ಚಿಕ್ಕಂದಿನಲ್ಲಿ ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಕುಳಿತು ಮೌತ್ ಆರ್ಗನ್ ನುಡಿಸುತ್ತಿದ್ದೆ. ಆಚೆ ದಡಕ್ಕೂ ಕೇಳಲೆಂದು ಜೋರಾಗಿ ಊದಿ ಊದಿ, 4ನೇ ರಂಧ್ರದ ‘ಸ’ ಸ್ವರವನ್ನೇ ಕಳೆದುಕೊಂಡೆ. ಅಪ್ಪ ಕೊಡಿಸಿದ ವಾದ್ಯ ಅದು. ಎಷ್ಟು ಅತ್ತೆನೋ!

ಮಕ್ಕಳೇ, 10 ರಂಧ್ರಗಳ ಈ ವಾದ್ಯದೊಳಗೆ 20 ತೆಳು ಲೋಹದ ಪಟ್ಟಿಗಳಿವೆ. 4ನೇ ರಂಧ್ರಕ್ಕೆ ಊದಿದರೆ ‘ಸ’, ಉಸಿರೆಳೆದರೆ ‘ರಿ’. ಪಟ್ಟಿ ನಡುಗಿದಾಗಲೇ ನಾದ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ತುಂಡಾಗುವುದಿಲ್ಲವೇ? ರಭಸದ ಉಸಿರಿಗೆ ಪಟ್ಟಿಯೂ ಹಾಗೇ ದಣಿದು ಮುರಿಯುತ್ತದೆ. ಬಿಸಿ ಅನ್ನ ಆರಿಸುವಷ್ಟು ಮೆಲ್ಲನೆ ಊದಿದರೆ ಸಾಕು.

ಚನ್ನಗಿರಿಯ ಗೆಳೆಯನೊಬ್ಬ ಎಲೆಅಡಿಕೆ ಬಾಯಲ್ಲೇ ನುಡಿಸುತ್ತಿದ್ದ. ಅಡಿಕೆ ಚೂರು ಸಿಕ್ಕಿ ಸ್ವರ ಮೂಕವಾಯಿತು! ಮೊದಲು ಬಾಯಿ ಮುಕ್ಕಳಿಸಿ. ನುಡಿಸಿದ ಮೇಲೆ ರಂಧ್ರಗಳನ್ನು ಕೆಳಗೆ ಮಾಡಿ ಅಂಗೈಗೆ ತಟ್ಟಿ, ತೇವ ಆರಿದ ಮೇಲೆ ಡಬ್ಬಿಯಲ್ಲಿಡಿ. ಜಗಳೂರಿನ ಧೂಳು, ಜೇಬಿನ ನೂಲು ಎರಡೂ ಅದಕ್ಕೆ ಶತ್ರುಗಳೇ. ಒಳಚೌಕಟ್ಟು ಮರದ್ದಾದರೆ ನೀರಲ್ಲಿ ಅದ್ದಬೇಡಿ, ಉಬ್ಬುತ್ತದೆ.

ನ್ಯಾಮತಿಯಲ್ಲಿರುವ ಮೊಮ್ಮಗಳು ಇದನ್ನೆಲ್ಲ ತಪ್ಪದೆ ಪಾಲಿಸುತ್ತಾಳೆ. ಅವಳ ವಾದ್ಯಕ್ಕೀಗ 6 ವರ್ಷ. ರಜೆಗೆ ಬಂದಾಗ ಇಬ್ಬರೂ ಜೊತೆಯಾಗಿ ನುಡಿಸುತ್ತೇವೆ. ನನ್ನದು ಮೌನವಾಗುವ ಜಾಗದಲ್ಲಿ ಅವಳ ‘ಸ’ ಕೇಳಿಸುತ್ತದೆ.