ಗೌಡನ ವೇಷದಲ್ಲಿ ಬಂದ ರಾಕ್ಷಸ

ಕೌಜಲಗಿ ಎಂದೊಡನೆ ಗೋಕಾಕ ಸೀಮೆಯ ಆಟದ ರಸಿಕರಿಗೆ ನೆನಪಾಗುವುದು ಕಲಾವಿದೆ ನಿಂಗಮ್ಮ. ನಿಂಗಮ್ಮನೊಂದಿಗೆ ‘ಶ್ರೀಕೃಷ್ಣ ಪಾರಿಜಾತ’ದ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ಬಯಲಾಟಕ್ಕೆ ಒಗ್ಗಿಸಿದವನು ಇದೇ ಸೀಮೆಯ ಕುಲಗೋಡದ ತಮ್ಮಣ್ಣ. ಕಥೆ ಸಣ್ಣದು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಇಷ್ಟು ಹೇಳುವುದರೊಳಗೆ ಬೆಳಕು ಹರಿಯುತ್ತದೆ, ಏಕೆಂದರೆ ನಡುವೆ ದೂತಿ ಇದ್ದಾಳೆ. ಆಕೆ ಆಡುವುದು ದ್ವಾರಕೆಯ ಮಾತಲ್ಲ, ಘಟಪ್ರಭೆಯ ದಂಡೆಯ ಮಾತು. ಒಡತಿಯ ಸೊಕ್ಕನ್ನೂ ದೇವರ ಜಾಣತನವನ್ನೂ ಆಕೆ ಎದುರಿಗೇ ಆಡಿಕೊಳ್ಳುತ್ತಾಳೆ. ಆಟ ನೋಡಲು ಕೂತ ಭಕ್ತರು ಭಾಮೆಯಲ್ಲಿ ಅಹಂಕಾರ ಹೊತ್ತ ಜೀವವನ್ನು, ಕೃಷ್ಣನಲ್ಲಿ ಪರಮಾತ್ಮನನ್ನು ಕಾಣುತ್ತಾರೆ. ವಿಡಂಬನೆಯೂ ಅನ್ಯೋಕ್ತಿಯೂ ಇಲ್ಲಿ ಒಂದೇ ಹಾಡಿನಲ್ಲಿ ಸಾಗುತ್ತವೆ.

ಮಧ್ಯಯುಗದ ಇಂಗ್ಲೆಂಡಿನ ಕಥನಕವಿಗಳು ಹಿಡಿದದ್ದೂ ಇದೇ ದಾರಿ. ಅಲ್ಲಿನ ‘ಗೂಬೆ ಮತ್ತು ನೈಟಿಂಗೇಲ್’ ಕಾವ್ಯದಲ್ಲಿ ಎರಡು ಹಕ್ಕಿಗಳು ಹಾಡು, ಊಟ, ಗೂಡು ಎಲ್ಲವನ್ನೂ ಎತ್ತಿ ಆಡಿ ಜಗಳಾಡುತ್ತವೆ. ತೀರ್ಪು ಏನಾಯಿತೆಂದು ಕವಿ ಹೇಳುವುದೇ ಇಲ್ಲ. ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳಗಳ ಸವಾಲ್-ಜವಾಬು ಕೇಳಿ ಬೆಳೆದವರಿಗೆ ಆ ಕಾವ್ಯ ಪರಕೀಯ ಎನಿಸದು.

14ನೆಯ ಶತಮಾನದ ವಿಲಿಯಂ ಲ್ಯಾಂಗ್‌ಲೆಂಡ್ ಇನ್ನೂ ಖಾರವಾದ ಕವಿ. ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ ಲಂಚವೇ ಮೀಡ್ ಎಂಬ ಹೆಂಗಸಾಗಿ ಬರುತ್ತದೆ. ಸುಳ್ಳಿನೊಂದಿಗೆ ಆಕೆಯ ಮದುವೆಯ ಸಿದ್ಧತೆ, ರಾಜನ ಎದುರು ವಿಚಾರಣೆ, ಆಕೆಯ ಕೃಪೆಗೆ ಬಾಯಿಬಿಡುವ ನ್ಯಾಯಾಧಿಕಾರಿಗಳು. ಈ ನಡುವೆ ಸತ್ಯದ ದಾರಿ ಬಲ್ಲವನು ಒಬ್ಬ ನೇಗಿಲಯೋಗಿ, ಪಿಯರ್ಸ್. 1381ರ ರೈತದಂಗೆಯ ಹೊತ್ತಿಗೆ ಆ ಹೆಸರು ಪುಸ್ತಕದಿಂದ ಹೊರಬಂದಿತ್ತು: ದಂಗೆಯ ಮುಂದಾಳು, ಪಾದ್ರಿ ಜಾನ್ ಬಾಲ್‌ನ ಪತ್ರಗಳಲ್ಲಿ ಪಿಯರ್ಸ್ ಕಾಣಿಸಿಕೊಳ್ಳುತ್ತಾನೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಲ್ಯಾಂಗ್‌ಲೆಂಡನ ಸಾಲಿನಲ್ಲಿ ಹಿಂಜರಿಕೆಯಿಲ್ಲದೆ ಕೂರಿಸಬೇಕಾದ ಕವಿ. ಅವರ ಕಾವ್ಯ ‘ಹೇಳತೇನ ಕೇಳ’ 1964ರಲ್ಲಿ ಪ್ರಕಟವಾಯಿತು. ಲಾವಣಿಯ ಧಾಟಿ, ಬೆಳಗಾವಿ ಕಡೆಯ ಆಡುಮಾತು. ಊರಗೌಡನನ್ನು ಕೊಂದ ರಾಕ್ಷಸನೊಬ್ಬ ಗೌಡನದೇ ರೂಪ ತಳೆದು ಮನೆಗೆ ಬರುತ್ತಾನೆ. ಅದೇ ಮುಖ, ಅದೇ ಗತ್ತು. ಊರು ಬತ್ತತೊಡಗುತ್ತದೆ.

ಈ ರಾಕ್ಷಸ ಯಾರು? ವಸಾಹತುಶಾಹಿ ಎಂದು ಹಲವು ವಿಮರ್ಶಕರು ಓದಿದ್ದಾರೆ. ಹೊರಗಿನಿಂದ ಬಂದು ಒಳಗಿನವನಂತೆ ಆಳುವ ಯಾವ ಅಧಿಕಾರಕ್ಕೂ ಆ ಓದು ಹೊಂದುತ್ತದೆ. ಆದರೆ ಕಾವ್ಯದ ನಿಜವಾದ ಮೊನೆ ಇರುವುದು ರಾಕ್ಷಸನತ್ತ ಅಲ್ಲ, ಗೌಡಿಕೆಯ ಗತ್ತು ಕಂಡೊಡನೆ ಕೈಮುಗಿಯುವ ಊರಿನತ್ತ. ಪೇಟ ಸುತ್ತಿದವನನ್ನೆಲ್ಲ ಒಡೆಯನೆಂದು ಒಪ್ಪುವ ರೂಢಿಯನ್ನು ಇಷ್ಟು ನೇರವಾಗಿ, ಇಷ್ಟು ರಾಗವಾಗಿ ಹೇಳಿದ ಹೊಸಗನ್ನಡ ಕಾವ್ಯಗಳು ವಿರಳ. ಇದೇ ಕಥೆಯಿಂದ ಮುಂದೆ ‘ಋಷ್ಯಶೃಂಗ’ ನಾಟಕ ಹುಟ್ಟಿತು.

ಅವರ ‘ಜೋಕುಮಾರಸ್ವಾಮಿ’ ನಾಟಕ ಬಂದದ್ದು 1972ರಲ್ಲಿ. ಷಂಡ ಗೌಡನ ಕೈಯಲ್ಲಿ ಬಂದೂಕು, ಉಳುವ ಬಸಣ್ಣನ ಕೈಯಲ್ಲಿ ಹೊಲ. ಭಾದ್ರಪದದ ಜೋಕುಮಾರನ ಹಬ್ಬದ ನಂಬಿಕೆಯೊಳಗೆ ಕಂಬಾರರು ಭೂಮಿಯ ಪ್ರಶ್ನೆಯನ್ನು ಬಿತ್ತಿದರು. ಉಳುವವನಿಗೆ ಒಡೆತನ ಕೊಡುವ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದು ನಾಟಕದ ನಂತರ, 1974ರ ಮಾರ್ಚ್ 1ರಿಂದ.

ಕಂಬಾರರಿಗೆ 2010ನೆಯ ಸಾಲಿನ ಜ್ಞಾನಪೀಠ ಸಂದಿತು. ಪ್ರಶಸ್ತಿಯ ಸುದ್ದಿ ಬಲ್ಲವರು ಬಹಳ, ‘ಹೇಳತೇನ ಕೇಳ’ ಓದಿದವರು ಕಡಿಮೆ. ಓದುಗರು ಅದನ್ನು ಕೈಗೆತ್ತಿಕೊಳ್ಳಬೇಕು; ಒಬ್ಬರೇ ಮನಸ್ಸಿನಲ್ಲಿ ಓದದೆ, ನಾಲ್ಕು ಮಂದಿಯ ನಡುವೆ ಗಟ್ಟಿಯಾಗಿ ಓದಬೇಕು.