ತಪ್ಪು ಸರ್ಕಾರದ್ದು, ಶಿಕ್ಷೆ ಮಗುವಿಗೆ

ಕೆನಡಾದ ನೆಲದಲ್ಲಿ ಹುಟ್ಟಿದವರು ಕೆನಡಾದ ಪ್ರಜೆಗಳು ಎಂಬುದು ಸಾಮಾನ್ಯ ನಂಬಿಕೆ. ಆದರೆ ಅಲ್ಲಿನ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಒಂದು ಗುಂಪನ್ನು ಹೊರಗಿಟ್ಟಿದೆ. ತಂದೆ ತಾಯಿ ಇಬ್ಬರೂ ಆ ದೇಶದ ಪ್ರಜೆಗಳೋ ಕಾಯಂ ನಿವಾಸಿಗಳೋ ಆಗಿರದೆ, ಅವರಲ್ಲೊಬ್ಬರು ವಿದೇಶಿ ರಾಜತಾಂತ್ರಿಕರೋ ಅಂಥವರ ಬಳಿ ಕೆಲಸಕ್ಕಿದ್ದವರೋ ಆಗಿದ್ದರೆ ಮಗುವಿಗೆ ಜನ್ಮದಿಂದ ಪೌರತ್ವ ಸಿಗದು. ರಾಯಭಾರಿಗಳು ತಾವಿರುವ ದೇಶದ ಕಾನೂನಿನ ಹಿಡಿತಕ್ಕೆ ಪೂರ್ತಿ ಒಳಪಡುವುದಿಲ್ಲ, ಅವರ ನಿಷ್ಠೆ ತಮ್ಮ ದೇಶಕ್ಕೆ ಎಂಬುದು ಇದರ ಹಿಂದಿನ ತರ್ಕ. ಅಮೆರಿಕದ ಸುಪ್ರೀಂ ಕೋರ್ಟ್ 1898ರ ವಾಂಗ್ ಕಿಮ್ ಆರ್ಕ್ ತೀರ್ಪಿನಲ್ಲಿ ಇದನ್ನು ಒಪ್ಪಿದೆ. ಭಾರತದ 1955ರ ಪೌರತ್ವ ಕಾಯ್ದೆಯಲ್ಲೂ ಇಂಥ ನಿಯಮವಿದೆ. ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಮಗು ಬೆಳೆದು ದೊಡ್ಡದಾದ ಮೇಲೆ ಆ ನಿಯಮವನ್ನು ಹೊರತೆಗೆದು ಪೌರತ್ವವನ್ನೇ ಇಲ್ಲವಾಗಿಸುವುದು ಅನ್ಯಾಯ.

ಹೀಗಾಗುತ್ತದೆಯೇ ಎಂದು ಕೇಳುವವರಿಗೆ ಒಟ್ಟಾವಾದ ಪ್ರಕರಣವೊಂದು ಉತ್ತರ. ಭಾರತೀಯ ಹೈಕಮಿಷನ್‌ನ ಮನೆಗೆಲಸಕ್ಕೆಂದು ಹೋಗಿದ್ದ ದಂಪತಿಗೆ 1989ರಲ್ಲಿ ಅಲ್ಲಿ ಮಗ ಹುಟ್ಟಿದ. ಅವನಿಗೆ ಜನನ ಪ್ರಮಾಣಪತ್ರ ಸಿಕ್ಕಿತು, ಮುಂದೆ ಕೆನಡಾದ ಪಾಸ್‌ಪೋರ್ಟೂ ಸಿಕ್ಕಿತು. ತಂದೆ ತಾಯಿ ತಾವೂ ಕೆನಡಾದ ಪ್ರಜೆಗಳಾದರು. ಮಗ ಗಂಭೀರ ಅಪರಾಧವೆಸಗಿ ಜೈಲು ಸೇರಿದಾಗ, ಅವನು ಎಂದೂ ಕೆನಡಾದ ಪ್ರಜೆಯೇ ಆಗಿರಲಿಲ್ಲವೆಂದು ಸರ್ಕಾರ ಹೇಳಿತು. ವ್ಯಾಜ್ಯ ಮುಖ್ಯವಾಗಿ ನಿಂತದ್ದು ಒಂದು ಪ್ರಶ್ನೆಯ ಮೇಲೆ: ತಂದೆ ತಾಯಿ ಹೈಕಮಿಷನ್ ಕೆಲಸ ಬಿಟ್ಟದ್ದು ಮಗ ಹುಟ್ಟುವ ಮೊದಲೋ, ಆಮೇಲೋ? ಮೊದಲೇ ಎಂದು ಕುಟುಂಬ ವಾದಿಸಿತು, ನ್ಯಾಯಾಲಯ ಒಪ್ಪಲಿಲ್ಲ. ಗಡೀಪಾರು ಆದೇಶವಾಯಿತು, ಆದರೆ ಭಾರತವೂ ಅವನನ್ನು ತನ್ನ ಪ್ರಜೆಯೆಂದು ಒಪ್ಪಲಿಲ್ಲ.

ಅಧಿಕಾರಿಯ ತಪ್ಪಿನಿಂದ ಪೌರತ್ವ ಹುಟ್ಟದು ಎಂಬುದು ಇಲ್ಲಿ ಬರುವ ಬಲವಾದ ಆಕ್ಷೇಪ. ಜರ್ಮನಿಯ ಕಾನೂನು ಇದಕ್ಕೆ ದಾರಿ ತೋರಿಸಿದೆ: 12 ವರ್ಷ ಸರ್ಕಾರಿ ಕಚೇರಿಗಳು ಒಬ್ಬರನ್ನು ಪ್ರಜೆಯೆಂದೇ ನಡೆಸಿಕೊಂಡಿದ್ದು, ಆ ತಪ್ಪಿಗೆ ಅವರು ಕಾರಣರಲ್ಲದಿದ್ದರೆ, ಪೌರತ್ವ ಅವರದೇ. ಮೋಸ ಮಾಡಿದವರಿಗೆ ಇದರ ಲಾಭವಿಲ್ಲ. ಅಪರಾಧಿಗೇಕೆ ಈ ಕನಿಕರ ಎಂಬುದು ಇನ್ನೊಂದು ಮಾತು. ಅಪರಾಧಕ್ಕೆ ಜೈಲಿದೆ, ಅದೇ ಅಪರಾಧ ಮಾಡಿದ ನೆರೆಮನೆಯವನು ಶಿಕ್ಷೆ ಮುಗಿಸಿ ಪ್ರಜೆಯಾಗಿಯೇ ಮನೆಗೆ ಮರಳುತ್ತಾನೆ. ಹೆತ್ತವರು ಕಾನೂನು ತಿಳಿದಿರಬೇಕಿತ್ತು ಎನ್ನುವವರೂ ಇದ್ದಾರೆ. ಆದರೆ ಕೆನಡಾದ ಅದೇ 3ನೇ ಸೆಕ್ಷನ್ನಿನಲ್ಲಿರುವ ‘ವಿದೇಶಿ ಸರ್ಕಾರದ ನೌಕರ’ ಯಾರೆಂಬ ಗೊಂದಲ, ಅಲ್ಲಿ ಹುಟ್ಟಿದ ರಷ್ಯಾದ ಗೂಢಚಾರರ ಮಗನ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರಾಜತಾಂತ್ರಿಕ ರಕ್ಷಣೆ ಉಳ್ಳವರಿಗೆ ಮಾತ್ರ ಆ ಮಾತು ಅನ್ವಯಿಸುತ್ತದೆಂದು ನ್ಯಾಯಮೂರ್ತಿಗಳು 2019ರಲ್ಲಿ ಹೇಳಿ, ಅವನ ಪೌರತ್ವ ಉಳಿಸಿದರು. ಸರ್ಕಾರವೇ ತಪ್ಪಾಗಿ ಓದಿದ್ದ ಕಾನೂನನ್ನು ಮನೆಗೆಲಸದ ದಂಪತಿ ಸರಿಯಾಗಿ ಓದಬೇಕಿತ್ತೆನ್ನುವುದು ನ್ಯಾಯವಲ್ಲ.

ವಿದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳಿಗೆ, ಅಧಿಕಾರಿಗಳ ಮನೆಗಳಿಗೆ ಕೆಲಸಕ್ಕೆ ಹೋಗುವವರು ಕೆಲಸ ಸೇರಿದ, ಬಿಟ್ಟ ದಿನಾಂಕಗಳ ದಾಖಲೆಯನ್ನು ಜೋಪಾನ ಮಾಡಬೇಕು. ಅಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಸರ್ಕಾರಗಳೂ ತಮ್ಮ ತಪ್ಪು ತಿದ್ದಿಕೊಳ್ಳಲು ಒಂದು ಗಡುವು ಹಾಕಿಕೊಳ್ಳಲಿ. ಗಡುವು ದಾಟಿದ ಮೇಲೆ ತಪ್ಪಿನ ಹೊರೆಯನ್ನು ಸರ್ಕಾರ ಹೊರಬೇಕೇ ಹೊರತು ಅಲ್ಲಿ ಹುಟ್ಟಿ ಬೆಳೆದವರಲ್ಲ.